ಡಚ್ಚರು ಮರೆತ ಸಿಂಫೊನಿಗಳು

ಆಮ್‌ಸ್ಟರ್‌ಡಾಮ್ ನಗರದಲ್ಲಿ ಕಾನ್ಸರ್ಟ್‌ಗೆಬೌ ಎಂಬ ಸಂಗೀತಮಂದಿರವೊಂದುಂಟು. ಹೆಸರಿಗೆ ‘ಕಚೇರಿಯ ಕಟ್ಟಡ’ ಎಂದಷ್ಟೇ ಅರ್ಥ. ಡಚ್ಚರು ಹೆಸರಿಡುವುದರಲ್ಲಿ ಆಡಂಬರದ ಜನರಲ್ಲ. ಜೌಗುನೆಲದೊಳಕ್ಕೆ ಎರಡು ಸಾವಿರಕ್ಕೂ ಮಿಕ್ಕ ಮರದ ಕಂಬಗಳನ್ನು ಇಳಿಸಿ, ಅವುಗಳ ಮೇಲೆ ಎತ್ತಿದ ಈ ಮಂದಿರವು 1888ನೆಯ ಇಸವಿ ಏಪ್ರಿಲ್ 11ರಂದು ಪ್ರಾರಂಭವಾಯಿತು. ನಾದವನ್ನು ಕೆಡಿಸದೆ ಕಿವಿಗೆ ತಲಪಿಸುವ ಗುಣದಲ್ಲಿ ಇದಕ್ಕೆ ಸರಿಸಾಟಿಯಾದ ಸಭಾಂಗಣಗಳು ಪ್ರಪಂಚದಲ್ಲಿ ಎರಡೋ ಮೂರೋ ಇದ್ದರೆ ಹೆಚ್ಚು ಎಂದು ಬಲ್ಲವರು ಹೇಳುತ್ತಾರೆ. ಅಲ್ಲಿ ಕುಳಿತು ಸುತ್ತಲೂ ಕಣ್ಣಾಡಿಸಿದರೆ, ಉಪ್ಪರಿಗೆಯ ಅಂಚಿನಲ್ಲಿಯೂ ಗೋಡೆಗಳಲ್ಲಿಯೂ ಸಂಗೀತರಚಕರ ಹೆಸರುಗಳು ಕಾಣುತ್ತವೆ: ಬಾಖ್, ಬೇಥೋವನ್, ವಾಗ್ನರ್, ಮಾಹ್ಲರ್—ಲೋಕವೆಲ್ಲ ಬಲ್ಲ ಹೆಸರುಗಳು. ಅವುಗಳ ಜೊತೆಯಲ್ಲಿಯೇ ಜ್ವೇರ್ಸ್ ಎಂದಿದೆ, ಡಾಪರ್ ಎಂದಿದೆ, ರಂಟ್‌ಗೆನ್ ಎಂದಿದೆ. ಇವರು ಯಾರು?

ಈ ಹೆಸರುಗಳು ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಆ ಸಭಾಂಗಣದ ಒಂದು ಛಾಯಾಚಿತ್ರದಲ್ಲಿ. ನಾನು ಸಂಗೀತಶಾಸ್ತ್ರವನ್ನು ಓದಿದವನಲ್ಲ. ಕಾಲೇಜಿನಲ್ಲಿ ಯೂರೋಪಿನ ಚರಿತ್ರೆಯನ್ನು ಪಾಠ ಹೇಳುವವನು. ಚರಿತ್ರೆಯವನಿಗೆ ಗೋಡೆಯ ಮೇಲಿನ ಬರಹವೆಂದರೆ ಶಾಸನವಿದ್ದಂತೆ. ಓದಿ ಮುಂದಕ್ಕೆ ಹೋಗಿಬಿಡಲು ಮನಸ್ಸು ಬರುವುದಿಲ್ಲ. ಹುಡುಕುತ್ತ ಹೋದೆ, ಸಿಕ್ಕ ಧ್ವನಿಮುದ್ರಿಕೆಗಳನ್ನು ಕೇಳುತ್ತ ಬಂದೆ. ತಿಳಿದುಬಂದ ಸಂಗತಿ ವಿಚಿತ್ರವಾದುದು. ಯೂರೋಪಿನ ಅತ್ಯುತ್ತಮ ವಾದ್ಯವೃಂದಗಳಲ್ಲೊಂದನ್ನೂ ಬಹು ತಾಳ್ಮೆಯ ಶ್ರೋತೃಗಳನ್ನೂ ಪಡೆದಿದ್ದ ಒಂದು ದೇಶವು, ಪರದೇಶದವರ ಸಿಂಫೊನಿಗಳನ್ನು ಆದರದಿಂದ ಕೇಳಿ ಬೆಳೆಸಿದ ಒಂದು ದೇಶವು, ತನ್ನವರ ಹೆಸರುಗಳನ್ನು ಗೋಡೆಯ ಮೇಲೆ ಬರೆದು, ಅಷ್ಟರಿಂದಲೇ ಕೈತೊಳೆದುಕೊಂಡಿತು.

ಸಿಂಫೊನಿ ಎಂಬುದರ ವಿಷಯವಾಗಿ ಎರಡು ಮಾತು ಹೇಳದೆ ಮುಂದುವರಿಯುವುದು ಸರಿಯಲ್ಲ. ನಮ್ಮ ಸಂಗೀತದಲ್ಲಿ ಒಂದು ಕಾಲದಲ್ಲಿ ಹರಿಯುವುದು ಒಂದೇ ಸ್ವರಧಾರೆ. ಪಿಟೀಲು ಹಾಡುಗಾರನನ್ನು ನೆರಳಿನಂತೆ ಹಿಂಬಾಲಿಸುತ್ತದೆ, ಶ್ರುತಿ ತಳದಲ್ಲಿ ಅಚಲವಾಗಿ ನಿಂತಿರುತ್ತದೆ. ಸಿಂಫೊನಿಯಲ್ಲಾದರೋ ಪಿಟೀಲು, ಕೊಳಲು, ಕಹಳೆ, ನಗಾರಿ ಮೊದಲಾದ ಎಂಬತ್ತು ತೊಂಬತ್ತು ವಾದ್ಯಗಳು ಏಕಕಾಲದಲ್ಲಿ ಬೇರೆ ಬೇರೆ ಸ್ವರಗಳನ್ನು ನುಡಿಸಿ, ಅವು ಕೂಡಿದಾಗ ಒಂದು ಮೇಳವಾಗುತ್ತದೆ. ಸಾಮಾನ್ಯವಾಗಿ ನಾಲ್ಕು ಭಾಗಗಳು; ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಕಾಲ. ಪ್ರತಿಯೊಂದು ವಾದ್ಯದ ಪ್ರತಿಯೊಂದು ಸ್ವರವನ್ನೂ ರಚಕನು ಮೊದಲೇ ಕಾಗದದ ಮೇಲೆ ಬರೆದಿಟ್ಟಿರುತ್ತಾನೆ. ತ್ಯಾಗರಾಜರ ಒಂದು ಕೃತಿ ಉಳಿಯಬೇಕಾದರೆ ಒಬ್ಬ ಶಿಷ್ಯನ ಕಂಠ ಸಾಕು. ಸಿಂಫೊನಿ ಹಾಗಲ್ಲ. ಎಂಬತ್ತು ಮಂದಿ ವಾದಕರು, ಅವರ ಸಂಬಳ, ಅಭ್ಯಾಸಕ್ಕೆ ದಿನಗಳು, ಒಂದು ಸಭಾಂಗಣ, ಎಲ್ಲಕ್ಕಿಂತ ಹೆಚ್ಚಾಗಿ ಒಬ್ಬ ವೃಂದನಾಯಕನ ಇಚ್ಛೆ—ಇವಿಷ್ಟೂ ಕೂಡಿಬಂದ ಹೊರತು ಅದಕ್ಕೆ ಜನ್ಮವೇ ಇಲ್ಲ. ಊರಿನವರು ಓದದ ಕಾವ್ಯವನ್ನು ಕವಿ ತಾನಾದರೂ ಓದಿಕೊಂಡಾನು. ಸಿಂಫೊನಿಯನ್ನು ಬರೆದವನು ಅದನ್ನು ತಾನೇ ಕೇಳಲಾರನು. ಉಪೇಕ್ಷೆಯೆಂಬುದು ಅವನ ಪಾಲಿಗೆ ಮೂಕತನವೇ ಸರಿ.

ಈ ಖರ್ಚಿನ ಕಲೆ ಮೊದಲು ಬೆಳೆದದ್ದು ದೊರೆಗಳ ಆಶ್ರಯದಲ್ಲಿ. ಮಾನ್‌ಹೈಮ್ ಸಂಸ್ಥಾನದ ಆಸ್ಥಾನವೃಂದ ಹದಿನೆಂಟನೆಯ ಶತಮಾನದಲ್ಲಿ ಯೂರೋಪಿಗೆಲ್ಲ ಮಾದರಿಯಾಗಿತ್ತು. ಹೈಡನ್ನನು ಎಸ್ಟರ್‌ಹಾಜಿ ಪ್ರಭುಗಳ ಸೇವೆಯಲ್ಲಿದ್ದುಕೊಂಡು ಸಿಂಫೊನಿಗಳನ್ನು ಸಾಲುಸಾಲಾಗಿ ಬರೆದನು. ವೀಣೆ ಶೇಷಣ್ಣನವರನ್ನೂ ವಾಸುದೇವಾಚಾರ್ಯರನ್ನೂ ಪೋಷಿಸಿದ ಮೈಸೂರಿನವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಡಚ್ಚರದು ವರ್ತಕರ ಗಣರಾಜ್ಯ. ನಮ್ಮ ಕರಾವಳಿಯ ಬಸರೂರಿಗೆ ಅಕ್ಕಿ ಮೆಣಸುಗಳಿಗಾಗಿ ಬರುತ್ತಿದ್ದವರೂ ಅವರೇ. ಹೇಗ್ ಪಟ್ಟಣದಲ್ಲಿ ಆರೆಂಜ್ ವಂಶದವರ ಒಂದು ಸಣ್ಣ ಆಸ್ಥಾನವಿದ್ದಿತು. ಒಂಬತ್ತು ವರ್ಷದ ಬಾಲಕ ಮೊಟ್ಸಾರ್ಟನು 1765ರಲ್ಲಿ ಅಲ್ಲಿಗೆ ಬಂದು ಒಂದು ಸಿಂಫೊನಿಯನ್ನೂ ಬರೆದನು. ಆದರೆ ವಾದ್ಯವೃಂದಗಳನ್ನು ತಲೆಮಾರುಗಟ್ಟಲೆ ಸಾಕುವಷ್ಟು ಅದು ಬೆಳೆಯಲಿಲ್ಲ. ಇಗರ್ಜಿಯಾದರೂ ಸಂಗೀತಕ್ಕೆ ಆಶ್ರಯವಾಗಬಹುದಾಗಿತ್ತು. ಕ್ಯಾಲ್ವಿನ್ನನ ಮತದವರು ಪೂಜೆಯಲ್ಲಿ ಆಡಂಬರವನ್ನು ಒಪ್ಪದವರು. ಆಮ್‌ಸ್ಟರ್‌ಡಾಮಿನ ಹಳೆಯ ಇಗರ್ಜಿಯಲ್ಲಿ ಆರ್ಗನ್ ನುಡಿಸುತ್ತಿದ್ದ ಸ್ವೇಲಿಂಕನು (1562–1621) ಜರ್ಮನಿಯ ವಾದಕರಿಗೆಲ್ಲ ಗುರುವಾದವನು. ಅವನಿಗೂ ಸಂಬಳ ಕೊಡುತ್ತಿದ್ದುದು ನಗರಸಭೆ, ಇಗರ್ಜಿಯಲ್ಲ.

ಕುಲೀನರಿಗಂತೂ ಸಂಗೀತವನ್ನು ರಚಿಸುವುದು ನಾಚಿಕೆಯ ವಿಷಯವಾಗಿತ್ತೋ ಏನೋ. ಕೌಂಟ್ ವಾಸೆನಾರ್ ಎಂಬ ಪ್ರಭುವು ಆರು ಸೊಗಸಾದ ವಾದ್ಯರಚನೆಗಳನ್ನು ಮಾಡಿ, ತನ್ನ ಹೆಸರು ಹಾಕಬಾರದೆಂಬ ಷರತ್ತಿನ ಮೇಲೆ 1740ರಲ್ಲಿ ಅಚ್ಚಿಗೆ ಬಿಟ್ಟನು. ಲೋಕವು ಅವನ್ನು ಇಟಲಿಯ ಪೆರ್ಗೊಲೇಸಿಯದೆಂದು ನಂಬಿತು. ಇಪ್ಪತ್ತನೆಯ ಶತಮಾನದಲ್ಲಿ ಸ್ಟ್ರಾವಿನ್‌ಸ್ಕಿಯು ತನ್ನ ‘ಪುಲ್ಚಿನೆಲ್ಲಾ’ ನೃತ್ಯನಾಟಕಕ್ಕೆ ಅವುಗಳಲ್ಲೊಂದರ ಭಾಗವನ್ನು ಪೆರ್ಗೊಲೇಸಿಯದೆಂದೇ ತಿಳಿದು ತೆಗೆದುಕೊಂಡನು. ಕೌಂಟನ ಮನೆತನದ ಕೋಟೆಯಲ್ಲಿ ಹಸ್ತಪ್ರತಿ ದೊರೆತು ನಿಜ ಹೊರಬೀಳುವ ಹೊತ್ತಿಗೆ ಇನ್ನೂರು ವರ್ಷಗಳಿಗಿಂತ ಹೆಚ್ಚು ಕಾಲ ಕಳೆದಿದ್ದಿತು.

ಆಸ್ಥಾನವಿಲ್ಲದ ಊರಿನಲ್ಲಿ ವರ್ತಕರು ಸಂಘಗಳನ್ನು ಕಟ್ಟಿಕೊಂಡರು. ಆಮ್‌ಸ್ಟರ್‌ಡಾಮಿನ ‘ಫೆಲಿಕ್ಸ್ ಮೆರಿಟಿಸ್’ ಎಂಬುದು 1777ರಲ್ಲಿ ಹುಟ್ಟಿದ್ದು. ವಿಜ್ಞಾನ, ಸಾಹಿತ್ಯ, ಸಂಗೀತ ಎಲ್ಲವೂ ಅದರೊಳಗೆ. ಇಂತಹ ಸಂಘಗಳ ಆಶ್ರಯದಲ್ಲಿ ಬೆಳೆದವನೇ ಯೋಹಾನ್ ವಿಲ್ಹೆಲ್ಮ್ ವಿಲ್ಮ್ಸ್ (1772–1847). ಹುಟ್ಟಿದ್ದು ಜರ್ಮನಿಯಲ್ಲಿ, ಹತ್ತೊಂಬತ್ತನೆಯ ವಯಸ್ಸಿಗೆ ಆಮ್‌ಸ್ಟರ್‌ಡಾಮಿಗೆ ಬಂದು, ಅಲ್ಲಿಯೇ ಸತ್ತನು. ಡಚ್ಚರ ರಾಷ್ಟ್ರಗೀತೆಗೆ ಅವನು ಕಟ್ಟಿಕೊಟ್ಟ ಧಾಟಿಯನ್ನು ಅವರು 1932ರವರೆಗೂ ಹಾಡಿದರು. ಧಾಟಿಯನ್ನು ಹಾಡಿದವರು ಕಟ್ಟಿದವನನ್ನು ಮರೆತರು. ಅವನ ಆರನೆಯ ಸಿಂಫೊನಿಯನ್ನು, ಡಿ ಮೈನರಿನದನ್ನು, ಕೇಳಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತುಕೊಂಡೆ. ಬೇಥೋವನ್ನನನ್ನು ಬಲ್ಲವನ ಕೈ ಅದು, ಆದರೆ ಅನುಕರಣಕಾರನ ಕೈಯಲ್ಲ. ಮಾತು ಚುರುಕು, ಕೋಪ ನಿಜವಾದುದು, ಎಲ್ಲಿಯೂ ಮಿತಿಮೀರುವುದಿಲ್ಲ. ಸುಮಾರು ನೂರೈವತ್ತು ವರ್ಷ ಅದನ್ನು ಕೇಳುವವರಿರಲಿಲ್ಲ. ಇಪ್ಪತ್ತೊಂದನೆಯ ಶತಮಾನದ ಆದಿಯಲ್ಲಿ ಅದನ್ನು ಎಬ್ಬಿಸಿ ಧ್ವನಿಮುದ್ರಣ ಮಾಡಿದವರು ಕೂಡ ಜರ್ಮನಿಯ ಕಲೋನ್ ನಗರದ ವಾದ್ಯವೃಂದದವರು, ಡಚ್ಚರಲ್ಲ.

ಅವನ ತರುವಾಯದ ವೆರ್ಹುಲ್ಸ್ಟನ (1816–1891) ಕಥೆ ಬೇರೊಂದು ಬಗೆಯದು. ಲೈಪ್‌ಜಿಗ್‌ನಲ್ಲಿ ಮೆಂಡೆಲ್‌ಸೊನ್ನನ ಶಿಷ್ಯ, ಷೂಮನ್ನನ ಪ್ರಾಣಸ್ನೇಹಿತ. ಷೂಮನ್ನನು ತನ್ನದೊಂದು ದೊಡ್ಡ ಕೃತಿಯನ್ನು ಅವನಿಗೆ ಅರ್ಪಿಸಿದ್ದಾನೆ. ಅಲ್ಲಿಯೇ ನಿಂತಿದ್ದರೆ ಏನಾಗುತ್ತಿದ್ದನೋ! 1842ರಲ್ಲಿ ಊರಿಗೆ ಹಿಂದಿರುಗಿದನು. ಆ ಹೊತ್ತಿಗೆ ಒಂದು ಸಿಂಫೊನಿಯನ್ನು ಬರೆದಿದ್ದನು, ಮತ್ತೊಂದನ್ನು ಬರೆಯಲಿಲ್ಲ. ಹೇಗ್, ರಾಟರ್‌ಡ್ಯಾಮ್, ಆಮ್‌ಸ್ಟರ್‌ಡಾಮ್ ಮೂರು ಊರುಗಳ ಸಂಗೀತಕ್ಕೂ ಯಜಮಾನನಾಗಿ, ತಾನು ತರುಣನಾಗಿದ್ದಾಗ ಕಲಿತದ್ದನ್ನೇ ವೇದವೆಂದು ಹಿಡಿದು, ವಾಗ್ನರ್, ಲಿಸ್ಟ್, ಬೆರ್ಲಿಯೋಜ್ ಇವರನ್ನು ಬಾಗಿಲೊಳಕ್ಕೆ ಬಿಡಲಿಲ್ಲ. 1886ರಲ್ಲಿ ಜನ ಬೇಸತ್ತರು. ಅವನು ಅಧಿಕಾರವನ್ನು ಬಿಡಬೇಕಾಯಿತು. ಉಟ್ರೆಕ್ಟಿನ ರಿಚರ್ಡ್ ಹಾಲ್ ಎಂಬವನು ನಾಲ್ಕು ಸಿಂಫೊನಿಗಳನ್ನು ಬರೆದಿದ್ದಾನೆ. ಸಭ್ಯವಾದ ಕೃತಿಗಳು, ಕೇಳಿದ ಮರುದಿನ ನೆನಪಿನಲ್ಲಿ ನಿಲ್ಲುವುದಿಲ್ಲ. ಉಪೇಕ್ಷಿತವಾದದ್ದೆಲ್ಲ ಉತ್ತಮವಾದದ್ದೆಂದು ವಾದಿಸಲು ನಾನು ಬಂದಿಲ್ಲ.

ಆ ಕಾಲದಲ್ಲಿ ಡಚ್ಚರ ವಾದಕರ ಮಟ್ಟ ಹೇಗಿತ್ತೆಂಬುದಕ್ಕೆ ಬ್ರಾಮ್ಸನ ಹೆಸರಿನಲ್ಲಿ ಒಂದು ಕಥೆಯುಂಟು. ಆಮ್‌ಸ್ಟರ್‌ಡಾಮಿನ ವೃಂದದೊಡನೆ ಅಭ್ಯಾಸ ಮಾಡಿ ಬೇಸತ್ತು, ‘ನೀವು ಜನ ಒಳ್ಳೆಯವರು, ವಾದಕರು ಮಾತ್ರ ಕೆಟ್ಟವರು’ ಎಂಬರ್ಥದ ಮಾತನ್ನಾಡಿದನಂತೆ. ಕಥೆ ನಿಜವೋ ಅಲ್ಲವೋ, ಊರಿಗೆ ಅದು ಚುಚ್ಚಿತು. ಮೊದಲು ಹೇಳಿದ ಮಂದಿರ ಎದ್ದದ್ದು, ಅದಕ್ಕೆ ಒಂದು ಸ್ವಂತ ವಾದ್ಯವೃಂದ ಏರ್ಪಟ್ಟದ್ದು ಆ ಮೇಲೆ. ಮೊದಲನೆಯ ನಾಯಕನಾದ ವಿಲ್ಲೆಮ್ ಕೆಸ್ ಎಂಬವನು ವಾದಕರಿಗೂ ಶಿಸ್ತನ್ನು ಕಲಿಸಿದನು, ಮಾತನಾಡಿಕೊಂಡು ಕುಳಿತಿರುತ್ತಿದ್ದ ಶ್ರೋತೃಗಳಿಗೂ ಕಲಿಸಿದನು. ಆ ಹೊಸ ಮಂದಿರ ತೆರೆದು ಎರಡು ವರ್ಷಕ್ಕೆ, 1890ರಲ್ಲಿ, ಕೆಸ್ ನುಡಿಸಿದ ಒಂದು ಕೃತಿಯನ್ನು ಡಚ್ಚರ ಸಿಂಫೊನಿಯ ನಿಜವಾದ ಉದಯವೆಂದು ಹೇಳಬಹುದು. ಅದು ಬೆರ್ನಾರ್ಡ್ ಜ್ವೇರ್ಸನ (1854–1924) ಮೂರನೆಯ ಸಿಂಫೊನಿ. ಹೆಸರು ‘ನನ್ನ ತಾಯ್ನಾಡಿಗೆ’.

ಜ್ವೇರ್ಸನು ಲೈಪ್‌ಜಿಗ್‌ನಲ್ಲಿ ಓದಿದವನು. ವಾಗ್ನರನ ನಾಟಕಗಳನ್ನು ಬರ್ಲಿನ್ನಿನಲ್ಲಿ ಕೇಳಿ ಬೆರಗಾದವನು. ಆದರೆ ಊರಿಗೆ ಬಂದ ಮೇಲೆ ಒಂದು ಹಟ ಹಿಡಿದನು: ಡಚ್ ಭಾಷೆಯ ಹೊರತು ಬೇರೆ ಭಾಷೆಯ ಮಾತಿಗೆ ಸಂಗೀತ ಹಾಕುವುದಿಲ್ಲ. ಇಂಗ್ಲಿಷಿನಲ್ಲಿ ಓದಿ ಬೆಳೆದು ಕನ್ನಡಕ್ಕೆ ಮರಳಿದವರನ್ನು ಬಲ್ಲ ನಮಗೆ ಈ ಹಟದ ರುಚಿ ತಿಳಿದೀತು. ಅವನ ಮೂರನೆಯ ಸಿಂಫೊನಿ ಒಂದು ಗಂಟೆಗೂ ಮಿಕ್ಕ ಕೃತಿ. ನಾಲ್ಕು ಭಾಗಗಳು: ನಾಡಿನ ಕಾಡುಗಳಲ್ಲಿ, ಹಳ್ಳಿಗಾಡಿನಲ್ಲಿ, ಕಡಲ ಕರೆಯಲ್ಲಿ ಮತ್ತು ಕಡಲಿನಲ್ಲಿ, ರಾಜಧಾನಿಗೆ. (ಹಾಲೆಂಡಿನಲ್ಲಿ ಕಾಡೆಲ್ಲಿ ಎಂದು ಕೇಳಬೇಡಿ, ದೇಶಪ್ರೇಮಿಗೆ ನಾಲ್ಕು ಮರವಿದ್ದರೆ ಕಾಡು.) ಕಡಲಿನ ಭಾಗ ಬಹು ವಿಸ್ತಾರವಾದುದು, ಅಲ್ಲಿ ಅವನು ಅವಸರಪಡುವುದಿಲ್ಲ, ನೀರನ್ನು ನಂಬಿ ಬದುಕಿದ ಜನರ ನಿಧಾನ ಅದರಲ್ಲಿದೆ. ಕೊನೆಯ ಭಾಗದ ಉತ್ಸವದಲ್ಲಿ ಕೊಂಚ ಪುರಸಭೆಯ ಮೆರವಣಿಗೆಯ ಗಾಳಿ ಬೀಸುತ್ತದೆಂಬುದನ್ನು ಒಪ್ಪಬೇಕು. ಆದರೂ ಇಂತಹ ಕೃತಿ ಜೆಕ್ ಜನರಲ್ಲಿ ಹುಟ್ಟಿದ್ದರೆ ವರ್ಷಕ್ಕೊಮ್ಮೆಯಾದರೂ ಅದನ್ನು ಎದ್ದು ನಿಂತು ಕೇಳುತ್ತಿದ್ದರು. ಸ್ಮೆಟನನ ‘ನನ್ನ ನಾಡು’ ಎಂಬ ಕೃತಿಗೆ ಅವರು ತೋರುವ ಭಕ್ತಿಯನ್ನು ನೋಡಿ. ಜ್ವೇರ್ಸನು ಆಮ್‌ಸ್ಟರ್‌ಡಾಮಿನ ಸಂಗೀತಶಾಲೆಯಲ್ಲಿ ಇಪ್ಪತ್ತೇಳು ವರ್ಷ ಪಾಠ ಹೇಳಿ, ಮೂರು ಸಿಂಫೊನಿಗಳ ಮೇಲೆ ನಾಲ್ಕನೆಯದನ್ನು ಬರೆಯದೆ ಹೋದನು.

1895ರಲ್ಲಿ ಕೆಸ್ ಹೋಗಿ ಇಪ್ಪತ್ತನಾಲ್ಕು ವರ್ಷದ ವಿಲ್ಲೆಮ್ ಮೆಂಗೆಲ್‌ಬೆರ್ಗನು ನಾಯಕನಾದನು. ಐವತ್ತು ವರ್ಷ ಆ ಪೀಠವನ್ನು ಅವನು ಬಿಡಲಿಲ್ಲ. ರಿಚರ್ಡ್ ಸ್ಟ್ರೌಸನು ತನ್ನ ‘ವೀರಜೀವನ’ವನ್ನು ಅವನಿಗೂ ಅವನ ವೃಂದಕ್ಕೂ ಅರ್ಪಿಸಿದನು. ವಿಯನ್ನಾದಲ್ಲಿ ಜನ ಮೂಗು ಮುರಿಯುತ್ತಿದ್ದ ಮಾಹ್ಲರನನ್ನು ಆಮ್‌ಸ್ಟರ್‌ಡಾಮಿಗೆ ಮತ್ತೆ ಮತ್ತೆ ಕರೆಸಿ, 1920ರ ಮೇ ತಿಂಗಳಲ್ಲಿ ಅವನ ಸಂಗೀತದ ಮಹೋತ್ಸವವನ್ನೇ ನಡೆಸಿದನು. ಇದು ಸಣ್ಣ ಕೀರ್ತಿಯಲ್ಲ. ಪರರ ಪ್ರತಿಭೆಯನ್ನು ಅವರ ಊರಿನವರಿಗಿಂತ ಮೊದಲೇ ಗುರುತಿಸಿದ ಕಿವಿ ಅದು. ಸ್ವಂತ ಊರಿನವರ ವಿಷಯದಲ್ಲಿ ಮಾತ್ರ ಆ ಕಿವಿಗೆ ಏನೋ ಆಗುತ್ತಿತ್ತು. ನನಗೆ ತೋರುವ ಕಾರಣ ಇದು: ವರ್ತಕರ ಊರಿನಲ್ಲಿ ಸರಕಿಗೆ ಮುದ್ರೆ ಬೇಕು, ಆ ಮುದ್ರೆ ಲೈಪ್‌ಜಿಗ್‌ನಲ್ಲಿಯೋ ವಿಯನ್ನಾದಲ್ಲಿಯೋ ಬೀಳಬೇಕು. ನೆರೆಮನೆಯಲ್ಲಿ ತಯಾರಾದ ಸರಕಿಗೆ ಅದು ಹೇಗೆ ಬಿದ್ದೀತು?

ಡಚ್ಚರಲ್ಲಿ ಒಬ್ಬನಿಗೆ ಮಾತ್ರ ಆ ಮಂದಿರದಲ್ಲಿ ಅವಕಾಶಕ್ಕೆ ಕೊರತೆಯಿರಲಿಲ್ಲ. ಅವನು ಕೊರ್ನೆಲಿಸ್ ಡಾಪರ್ (1870–1939). 1908ರಿಂದ 1931ರವರೆಗೆ ಅಲ್ಲಿಯ ಎರಡನೆಯ ನಾಯಕ. ಏಳು ಸಿಂಫೊನಿಗಳನ್ನು ಬರೆದನು: ಒಂದಕ್ಕೆ ರೆಂಬ್ರಾಂಟನ ಹೆಸರು, ಒಂದಕ್ಕೆ ಆಮ್‌ಸ್ಟರ್‌ಡಾಮಿನ ಹೆಸರು, 1917ರ ಏಳನೆಯದಕ್ಕೆ ಜೌಡರ್‌ಜೇ ಎಂಬ ಒಳಗಡಲಿನ ಹೆಸರು. ಸರಳ ಮನುಷ್ಯ, ಸರಳ ಸಂಗೀತ. ಜನಪದದ ಕುಣಿತದ ಧಾಟಿಗಳು, ತಿಳಿಯಾದ ಬಣ್ಣಗಳು. ಮುದ್ರಿಕೆಯಲ್ಲಿ ಕೇಳಿದಾಗ ನನಗೆ ಸಂತೋಷವಾಯಿತೆಂದು ಹೇಳಲು ಸಂಕೋಚವಿಲ್ಲ. ಆದರೆ 1918ರ ನವೆಂಬರ್ 24ರಂದು ಸಭಾಂಗಣದಲ್ಲಿದ್ದ ಒಬ್ಬನಿಗೆ ಸಂತೋಷವಾಗಲಿಲ್ಲ.

ಅಂದು ಡಾಪರನೇ ನಿಂತು ತನ್ನ ಏಳನೆಯ ಸಿಂಫೊನಿಯನ್ನು ನಡೆಸಿದನು. ಮುಗಿಯುತ್ತಲೂ ಸಭೆಯೊಳಗಿಂದ ಒಂದು ಕೂಗು ಕೇಳಿತು: ‘ಸೂಸ ಚಿರಾಯುವಾಗಲಿ!’ ಸೂಸ ಎಂಬವನು ಅಮೆರಿಕದ ದಂಡಿನ ವಾದ್ಯಗಾರ, ಕವಾಯತಿನ ನಡಿಗೆಯ ಧಾಟಿಗಳಿಗೆ ಪ್ರಸಿದ್ಧನಾದವನು. ಕೇಳಿದ ಸಿಂಫೊನಿಗಿಂತ ಬ್ಯಾಂಡಿನ ಸಂಗೀತವೇ ಲೇಸೆಂದು ಆ ಕೂಗಿನ ಅಭಿಪ್ರಾಯ. ಕೂಗಿದವನು ಪ್ರಸಿದ್ಧ ಪತ್ರಿಕೆಯೊಂದರ ಸಂಗೀತವಿಮರ್ಶಕ, ಮೂವತ್ತು ವರ್ಷದ ಮಥೈಸ್ ವೆರ್ಮ್ಯೂಲನ್. ಸಭೆಯವರು ಅದನ್ನು ಬೇರೆ ರೀತಿಯಲ್ಲಿ ಕೇಳಿಸಿಕೊಂಡರು. ಮಹಾಯುದ್ಧ ನಿಂತು ಎರಡು ವಾರವಾಗಿದ್ದಿತು; ಪಕ್ಕದ ಜರ್ಮನಿಯಲ್ಲಿ ಕೈಸರನು ಓಡಿಹೋಗಿದ್ದನು; ಹಾಲೆಂಡಿನ ಸಮಾಜವಾದಿ ಮುಖಂಡನಾದ ತ್ರೂಲ್‌ಸ್ತ್ರನು ಅದೇ ತಿಂಗಳು ಕ್ರಾಂತಿಯನ್ನು ಸಾರಿ, ಒಂದು ವಾರದೊಳಗೆ ಸೋತಿದ್ದನು. ‘ಸೂಸ’ ಎಂದದ್ದು ಹೆದರಿದ ಕಿವಿಗಳಿಗೆ ‘ತ್ರೂಲ್‌ಸ್ತ್ರ’ ಎಂದು ಕೇಳಿಸಿತು! ಸಂಗೀತಸಭೆ ಸಂತೆಯಾಯಿತು. ಮಂದಿರದ ಆಡಳಿತದವರು ವೆರ್ಮ್ಯೂಲನ್ನನಿಗೆ ಪ್ರವೇಶವನ್ನು ನಿಷೇಧಿಸಿದರು. ಜೌಡರ್‌ಜೇ ಕಡಲಿಗೂ ಆ ವರ್ಷ ಒಳ್ಳೆಯದಾಗಿರಲಿಲ್ಲ. ಅದಕ್ಕೆ ಅಣೆ ಹಾಕಿ ಮುಚ್ಚುವ ಶಾಸನ ಅದೇ ಜೂನ್ ತಿಂಗಳಲ್ಲಿ ಆಗಿದ್ದಿತು. 1932ರಲ್ಲಿ ಅಣೆಕಟ್ಟು ಮುಗಿದು, ಕಡಲು ಸಿಹಿನೀರಿನ ಸರೋವರವಾಯಿತು. ಇಂದು ಆ ಕಡಲು ಕಡಲಾಗಿ ಉಳಿದಿರುವುದು ಡಾಪರನ ಸ್ವರಲಿಪಿಯಲ್ಲಿ.

ವೆರ್ಮ್ಯೂಲನ್ನನ ಕೂಗು ಬರಿಯ ಉದ್ಧಟತನವಲ್ಲ. ಅದರ ಹಿಂದೆ ಒಂದು ಗಾಯವಿದ್ದಿತು. ಹೆಲ್ಮಂಡ್ ಎಂಬ ಊರಿನ ಕಮ್ಮಾರನ ಮಗ. ಹೆಚ್ಚುಮಟ್ಟಿಗೆ ತನಗೆ ತಾನೇ ಗುರುವಾಗಿ ಕಲಿತವನು. 1914ರಲ್ಲಿ ಮೊದಲನೆಯ ಸಿಂಫೊನಿಯನ್ನು ಮುಗಿಸಿ ಮೆಂಗೆಲ್‌ಬೆರ್ಗನಿಗೆ ಒಪ್ಪಿಸಿದನು. ಅವನು ಬಹುಕಾಲ ಇಟ್ಟುಕೊಂಡಿದ್ದು ಹಿಂದಿರುಗಿಸಿ, ಡಾಪರನ ಬಳಿ ಪಾಠ ಹೇಳಿಸಿಕೊಂಡರೆ ಒಳ್ಳೆಯದೆಂದು ಸಲಹೆ ಕೊಟ್ಟನು. ಎರಡನೆಯ ಸಿಂಫೊನಿಯನ್ನು 1920ರಲ್ಲಿ ಒಯ್ದಾಗ ನೋಡುವುದಕ್ಕೂ ಒಪ್ಪಲಿಲ್ಲ. ವಿಮರ್ಶಕನಾಗಿ ಮೆಂಗೆಲ್‌ಬೆರ್ಗನ ಜರ್ಮನ್ ಪಕ್ಷಪಾತವನ್ನು ವಾರವಾರವೂ ಖಂಡಿಸಿ ಬರೆಯುತ್ತಿದ್ದವನ ಕೃತಿಯನ್ನು ಮೆಂಗೆಲ್‌ಬೆರ್ಗನು ಏಕೆ ನುಡಿಸಿಯಾನು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಒಂದು ದೇಶದ ಸಿಂಫೊನಿಗಳಿಗೆ ಬಾಗಿಲೊಂದೇ ಇದ್ದು, ಅದರ ಕೀಲಿಕೈ ಒಬ್ಬನ ಜೇಬಿನಲ್ಲಿದ್ದರೆ ಆಗುವುದು ಹೀಗೆಯೇ.

1921ರಲ್ಲಿ ಅವನು ಹೆಂಡತಿ ಮಕ್ಕಳೊಡನೆ ಫ್ರಾನ್ಸಿಗೆ ಹೋದನು. ಅಲ್ಲಿಯೂ ಬಾಗಿಲು ತೆರೆಯಲಿಲ್ಲ. ಹೊಟ್ಟೆಯ ಪಾಡಿಗೆ, ಜಾವಾ ದ್ವೀಪದ ಸುರಬಯದಲ್ಲಿ ಪ್ರಕಟವಾಗುತ್ತಿದ್ದ ಡಚ್ ಪತ್ರಿಕೆಗೆ ಪ್ಯಾರಿಸಿನಿಂದ ಲೇಖನಗಳನ್ನು ಬರೆದು ಕಳುಹಿಸುತ್ತಿದ್ದನು. ಸಕ್ಕರೆ ತೋಟದ ಅಧಿಕಾರಿಗಳು ಬೆಳಗಿನ ಕಾಫಿಯೊಡನೆ ಓದಿ ಎಸೆಯುತ್ತಿದ್ದ ಆ ಬರಹಗಳೇ ಅವನ ಸಿಂಫೊನಿಗಳ ಅನ್ನದಾತರು. 1922ರಲ್ಲಿ ಮುಗಿಸಿದ ಮೂರನೆಯ ಸಿಂಫೊನಿಯನ್ನು ಅವನು ಕಿವಿಯಾರೆ ಕೇಳಿದ್ದು 1939ರಲ್ಲಿ, ಅದೇ ಆಮ್‌ಸ್ಟರ್‌ಡಾಮಿನಲ್ಲಿ, ವಾನ್ ಬೈನಮ್ ಎಂಬ ಕಿರಿಯ ನಾಯಕನ ದಯೆಯಿಂದ. ಮರುವರ್ಷವೇ ಯುದ್ಧ ಅವನನ್ನು ಮುತ್ತಿತು. ಜರ್ಮನರು ಫ್ರಾನ್ಸನ್ನು ತುಳಿಯುತ್ತಿದ್ದಾಗ ಅವನು ನಾಲ್ಕನೆಯ ಸಿಂಫೊನಿಯನ್ನು ಬರೆಯುತ್ತಿದ್ದನು. ಅದಕ್ಕೆ ಇಟ್ಟ ಹೆಸರು ‘ವಿಜಯಗಳು’. ಐದನೆಯದಕ್ಕೆ ‘ಹಾಡುವ ನಾಳೆಗಳು’ ಎಂದು ಹೆಸರಿಟ್ಟನು. ಅದನ್ನು ಬರೆಯುತ್ತಿದ್ದ ಕಾಲದಲ್ಲಿಯೇ, 1944ರಲ್ಲಿ, ಹೆಂಡತಿ ತೀರಿಹೋದಳು; ಫ್ರಾನ್ಸಿನ ವಿಮೋಚನಾಸೇನೆಯಲ್ಲಿ ಹೋರಾಡುತ್ತಿದ್ದ ಮಗ ಜೊಸ್ಕಿನ್ ಸತ್ತನು. ಹಳೆಯ ಸಂಗೀತಕಾರನೊಬ್ಬನ ಹೆಸರನ್ನು ಆ ಮಗನಿಗೆ ಇಟ್ಟಿದ್ದನು. ಸಿಂಫೊನಿಯನ್ನು 1945ರಲ್ಲಿ ಪೂರ್ತಿ ಮಾಡಿದನು. ಹೆಸರನ್ನು ಬದಲಾಯಿಸಲಿಲ್ಲ.

ಇವನ ಸಂಗೀತ ಹೇಗಿದೆ? ಸ್ವರಮೇಳದ ಮೇಲೆ ಒಂದು ಮುಖ್ಯ ಧಾಟಿ ಸವಾರಿ ಮಾಡುವುದನ್ನು ಅವನು ಒಪ್ಪುವುದಿಲ್ಲ. ಐದಾರು ಸ್ವರಧಾರೆಗಳು, ಯಾವುದೂ ಯಾವುದಕ್ಕೂ ಸೇವಕನಲ್ಲ, ಏಕಕಾಲದಲ್ಲಿ ತಮ್ಮ ತಮ್ಮ ದಾರಿಯಲ್ಲಿ ಹರಿಯುತ್ತವೆ. ಸ್ವತಂತ್ರರಾದ ಮನುಷ್ಯರು ಒಟ್ಟಿಗೆ ಬಾಳುವ ಸಮಾಜಕ್ಕೆ ಅದು ಪ್ರತಿಮೆಯೆಂದು ಅವನ ನಂಬಿಕೆ. ನನಗೆ ಸುಗ್ಗಿಯ ಜಾತ್ರೆಯಲ್ಲಿ ನಾಲ್ಕು ದಿಕ್ಕಿನಿಂದ ನಾಲ್ಕು ಮೇಳ ಬರುವುದು ನೆನಪಾಯಿತು. ಆದರೆ ಇಲ್ಲಿ ಅವು ಡಿಕ್ಕಿ ಹೊಡೆಯುವುದಿಲ್ಲ, ಒಂದರೊಳಗೊಂದು ಹಾದುಹೋಗುತ್ತವೆ.

1946ರಲ್ಲಿ ಅವನು ಹಾಲೆಂಡಿಗೆ ಮರಳಿದನು. 1949ರಲ್ಲಿ ನಾಲ್ಕನೆಯ ಐದನೆಯ ಸಿಂಫೊನಿಗಳೆರಡೂ ಮೊದಲ ಬಾರಿಗೆ ನುಡಿದವು. ಎರಡನೆಯದನ್ನು ಹೆಸರು ಹಾಕದೆ ಬ್ರಸೆಲ್ಸಿನ ಸ್ಪರ್ಧೆಗೆ ಕಳುಹಿಸಿದ್ದನು. 1953ರಲ್ಲಿ ಅದಕ್ಕೆ ಬಹುಮಾನ ಬಂದಾಗ ಬರೆದು ಮೂವತ್ತಕ್ಕೂ ಹೆಚ್ಚು ವರ್ಷಗಳಾಗಿದ್ದವು. ಹೆಸರಿಲ್ಲದೆ ಹೋದದ್ದರಿಂದಲೇ ಬಹುಮಾನ ಬಂದಿತೆಂದು ನಾನು ಹೇಳಿದರೆ ಕುಹಕವಾದೀತು. ಅಂತೂ 1956ರಲ್ಲಿ ವಾನ್ ಬೈನಮನು ಅದನ್ನು ಹಾಲೆಂಡಿನಲ್ಲಿ ನುಡಿಸಿದನು. ಇನ್ನೆರಡು ಸಿಂಫೊನಿಗಳನ್ನು ಬರೆದು ವೆರ್ಮ್ಯೂಲನ್ 1967ರಲ್ಲಿ ಕಾಲವಾದನು.

ಅದೇ ವರ್ಷಗಳಲ್ಲಿ ನಮ್ಮ ಮೈಸೂರಿನಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ನೆನೆಯದಿರಲಾರೆ. ರಷ್ಯಾದಿಂದ ಬಂದು ಲಂಡನ್ನಿನಲ್ಲಿ ಬಡತನದಲ್ಲಿದ್ದ ಮೆಟ್ನರ್ ಎಂಬ ವೃದ್ಧ ಸಂಗೀತಕಾರನ ಕೃತಿಗಳನ್ನು ಮುದ್ರಿಕೆಗೆ ಇಳಿಸಲು ಶ್ರೀ ಜಯಚಾಮರಾಜ ಒಡೆಯರವರು ತಮ್ಮ ಹಣದಿಂದ ಒಂದು ಸಂಘವನ್ನೇ ಏರ್ಪಡಿಸಿದರು. ಕೃತಜ್ಞನಾದ ಮೆಟ್ನರನು ತನ್ನ ಮೂರನೆಯ ಪಿಯಾನೋ ಕಾನ್ಸರ್ಟೋವನ್ನು ಅವರಿಗೆ ಅರ್ಪಿಸಿದನು. ಮೆಟ್ನರನಾದರೋ ಪಿಯಾನೋ ಮುಂದೆ ತಾನೇ ಕುಳಿತು ನುಡಿಸಬಲ್ಲವನು. ವೆರ್ಮ್ಯೂಲನ್ನನಿಗೆ ಅಂತಹ ವಾದ್ಯವೂ ಇರಲಿಲ್ಲ, ಅಂತಹ ದೊರೆಯೂ ಇರಲಿಲ್ಲ.

ಉಳಿದವರನ್ನು ಬೇಗ ಹೇಳಿಬಿಡುತ್ತೇನೆ. ಅದು ಅವರ ಯೋಗ್ಯತೆಯ ಅಳತೆಯಲ್ಲ. ಗೋಡೆಯ ಮೇಲಿನ ರಂಟ್‌ಗೆನ್ (1855–1932) ಲೈಪ್‌ಜಿಗ್‌ನಲ್ಲಿ ಹುಟ್ಟಿ ಆಮ್‌ಸ್ಟರ್‌ಡಾಮಿನಲ್ಲಿ ನೆಲೆಸಿದವನು. ಗ್ರೀಗನಿಗೂ ಬ್ರಾಮ್ಸನಿಗೂ ಮಿತ್ರ. ಇಪ್ಪತ್ತಕ್ಕೂ ಹೆಚ್ಚು ಸಿಂಫೊನಿಗಳನ್ನು ಬರೆದನು; ಅವುಗಳಲ್ಲಿ ಬಹುಪಾಲು, ಬಿಲ್ಟ್‌ಹೋವನ್ ಎಂಬ ಹಳ್ಳಿಯ ಮನೆಯಲ್ಲಿ ವಿಶ್ರಾಂತಿಗೆ ಕುಳಿತ ಕೊನೆಯ ವರ್ಷಗಳವು. ಯಾರೂ ಕೇಳುವುದಿಲ್ಲವೆಂದು ಬಲ್ಲವನು ಮಾತ್ರ ಅಷ್ಟು ನಿಶ್ಚಿಂತೆಯಿಂದ ಬರೆಯಬಲ್ಲನು. ವಿಲ್ಲೆಮ್ ಪೈಪರ್ (1894–1947) ಸಿಂಫೊನಿಯನ್ನು ಮತ್ತೊಂದು ದಿಕ್ಕಿಗೆ ತಿರುಗಿಸಿದನು: 1926ರಲ್ಲಿ ನುಡಿದ ಅವನ ಮೂರನೆಯದು ಹದಿನೈದೇ ನಿಮಿಷದ್ದು, ನಾಲ್ಕಾರು ಸ್ವರಗಳ ಒಂದು ಬೀಜದಿಂದ ಎಲ್ಲವೂ ಮೊಳೆಯುತ್ತದೆ, ಒಂದು ಹುಲ್ಲುಕಡ್ಡಿಯಷ್ಟೂ ಹೆಚ್ಚಿಲ್ಲ. ವಿಮರ್ಶಕನಾಗಿ ಅವನ ಲೇಖನಿ ಕ್ರೂರವಾದುದು. ಉಟ್ರೆಕ್ಟಿನ ವೃಂದನಾಯಕನಾಗಿದ್ದ ಯಾನ್ ವಾನ್ ಗಿಲ್ಸೆ (1881–1944) ಆ ಚುಚ್ಚುಮಾತುಗಳನ್ನು ತಾಳಲಾರದೆ 1922ರಲ್ಲಿ ಊರನ್ನೇ ಬಿಟ್ಟನು. ಈ ಗಿಲ್ಸೆಯೂ ಸಿಂಫೊನಿಕಾರ. ತನ್ನ ಕಸುಬಿನವರ ಸಂಘವನ್ನು ಕಟ್ಟಿ, ಅವರ ಹಕ್ಕಿನ ಹಣ ಅವರಿಗೆ ಸಲ್ಲುವಂತೆ ದುಡಿದವನು. ನಾಟ್ಸಿಗಳ ಕಾಲದಲ್ಲಿ ಅವರನ್ನು ಎದುರಿಸಿ ನಿಂತನು. ಅವನ ಇಬ್ಬರು ಗಂಡುಮಕ್ಕಳನ್ನೂ ಅವರು ಕೊಂದರು. ಅವನು ತಲೆತಪ್ಪಿಸಿಕೊಂಡಿದ್ದ ಕಾಲದಲ್ಲಿಯೇ ಸತ್ತನು.

ಆ ಐದು ವರ್ಷಗಳು ಎಲ್ಲರನ್ನೂ ಪರೀಕ್ಷಿಸಿದವು. ಮಂದಿರದ ಗೋಡೆಯ ಮೇಲೆ ಮಾಹ್ಲರನ, ಮೆಂಡೆಲ್‌ಸೊನ್ನನ ಹೆಸರುಗಳನ್ನು, ಅವರು ಯೆಹೂದಿಗಳೆಂಬ ಕಾರಣಕ್ಕೆ, ಮುಚ್ಚಿದರು. ವೃಂದದಲ್ಲಿದ್ದ ಯೆಹೂದಿ ವಾದಕರನ್ನು ಹೊರಗೆ ಹಾಕಿದರು. ಮಾಹ್ಲರನನ್ನು ಲೋಕಕ್ಕೆ ಸಾರಿದ ಮೆಂಗೆಲ್‌ಬೆರ್ಗನು ಜರ್ಮನರಿಗೆ ನುಡಿಸುತ್ತಲೇ ಇದ್ದನು. ಯುದ್ಧ ಮುಗಿದ ಮೇಲೆ ಅವನಿಗೆ ಸ್ವದೇಶದಲ್ಲಿ ನಿಷೇಧವಾಗಿ, 1951ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಮಡಿದನು. ಹೆಂಕ್ ಬಾಡಿಂಗ್ಸ್ ಎಂಬ ಸಮರ್ಥ ಸಿಂಫೊನಿಕಾರನು, ಯೆಹೂದಿಯಾದ್ದರಿಂದ ಪದಚ್ಯುತನಾದ ಸೆಮ್ ಡ್ರೆಸ್‌ಡೆನ್ನನ ಜಾಗದಲ್ಲಿ ಹೇಗ್ ಸಂಗೀತಶಾಲೆಯ ಮುಖ್ಯಸ್ಥನಾಗಿ ಕುಳಿತನು. ಅವನ ಸಂಗೀತವನ್ನು ಕೇಳುವಾಗ ಆ ಕುರ್ಚಿ ನನಗೆ ನೆನಪಾಗುತ್ತದೆ. ಆಗಬಾರದೋ ಏನೋ, ಆಗುತ್ತದೆ. ಲೆಯೋ ಸ್ಮಿಟ್ (1900–1943) ಎಂಬವನು ಸಿ ಸ್ವರದಲ್ಲಿ ಒಂದೇ ಒಂದು ಸಿಂಫೊನಿಯನ್ನು ಬರೆದಿದ್ದನು, ಬಿಸಿಲಿನಂತಹ ಕೃತಿ. 1943ರ ಏಪ್ರಿಲ್ 30ರಂದು ಸೋಬಿಬೋರ್ ಶಿಬಿರದಲ್ಲಿ ಅವನನ್ನು ಕೊಂದರು. ಅವನ ಹೆಸರಿನಲ್ಲಿ 1996ರಲ್ಲಿ ಸ್ಥಾಪಿತವಾದ ಒಂದು ಪ್ರತಿಷ್ಠಾನವು ಆ ಕಾಲದಲ್ಲಿ ತುಳಿದುಹೋದವರ ಸ್ವರಲಿಪಿಗಳನ್ನು ಹುಡುಕಿ ನುಡಿಸುವ ಕೆಲಸವನ್ನು ಕೈಗೊಂಡಿತು.

1969ರ ನವೆಂಬರ್ 17ರಂದು ಅದೇ ಮಂದಿರದಲ್ಲಿ ಮತ್ತೆ ಗದ್ದಲವಾಯಿತು. ತರುಣ ಸಂಗೀತಕಾರರು ಕಚೇರಿಯ ನಡುವೆ ಆಟಿಕೆಯ ಕಪ್ಪೆಗಳನ್ನು ಟಿಕಟಿಕನೆ ಒತ್ತಿ, ಈ ವೃಂದವು ಹೊಸಬರ ಸಂಗೀತವನ್ನೇಕೆ ನುಡಿಸುವುದಿಲ್ಲವೆಂದು ಕೇಳಿದರು. ಅವರಲ್ಲಿ ಮೆಂಗೆಲ್‌ಬೆರ್ಗನ ವಂಶದವನೊಬ್ಬನಿದ್ದನು. ನಾಲ್ಕು ಸಿಂಫೊನಿಗಳನ್ನು ಬರೆದಿದ್ದ ಹೆಂಡ್ರಿಕ್ ಆಂಡ್ರೀಸನ್ನನ ಮಗ ಲೂಯಿಯೂ ಇದ್ದನು. ಅವರು ಹಳೆಯ ಸಿಂಫೊನಿಕಾರರ ಪರವಾಗಿ ಕೂಗಲಿಲ್ಲ. ಸಿಂಫೊನಿ ವೃಂದವೆಂಬ ವ್ಯವಸ್ಥೆಯೇ ಬೇಡವೆಂದರು. ಹೀಗೆ ಡಾಪರ್, ಜ್ವೇರ್ಸರ ಪಾಲಿಗೆ ಮೊದಲು ಹಿರಿಯರು ಬಾಗಿಲು ಹಾಕಿದ್ದರು, ಈಗ ಕಿರಿಯರು ಬೀಗ ಜಡಿದರು. ಮಗ ಲೂಯಿ ದಶಕಗಳ ಕಾಲ ಅಂತಹ ವೃಂದಕ್ಕೆ ಬರೆಯಲಿಲ್ಲ. 2013ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಅದೇ ವೃಂದದ ನೂರಿಪ್ಪತ್ತೈದನೆಯ ವರ್ಷದ ಸಂದರ್ಭಕ್ಕೆ ಒಂದು ಕೃತಿಯನ್ನು ಬರೆದುಕೊಟ್ಟನು.

ಕೇಳಬೇಕೆಂಬ ಕುತೂಹಲವುಳ್ಳವರು ವಿಲ್ಮ್ಸನ ಆರನೆಯದರಿಂದ ಪ್ರಾರಂಭಿಸಬಹುದು. ಅದರಲ್ಲಿ ಯಾರಿಗೂ ತೊಡಕಿಲ್ಲ. ಬಳಿಕ ಪೈಪರನ ಮೂರನೆಯದು. ಹಿಡಿಸದಿದ್ದರೂ ನಷ್ಟ ಹದಿನೈದು ನಿಮಿಷ. ಜ್ವೇರ್ಸನಿಗೆ ಒಂದು ಭಾನುವಾರದ ಮಧ್ಯಾಹ್ನವನ್ನು ಮೀಸಲಿಡಬೇಕು. ವೆರ್ಮ್ಯೂಲನ್ನನ ಎರಡನೆಯದನ್ನು ಕೊನೆಗೆ ಇಟ್ಟುಕೊಳ್ಳಿರಿ. ಮೊದಲ ಸಲ ಅದು ನನಗೂ ಗದ್ದಲವಾಗಿಯೇ ಕೇಳಿಸಿತು. ಎರಡನೆಯ ಸಲ ಗದ್ದಲದೊಳಗೆ ಒಂದು ತುತ್ತೂರಿಯ ಧ್ವನಿಯನ್ನು ಹಿಡಿದೆ. ಅದನ್ನೇ ಹಿಡಿದುಕೊಂಡು ಹೋದಾಗ ಇನ್ನೆರಡು ಸಿಕ್ಕಿದವು. ಮೂರನೆಯ ಸಲಕ್ಕೆ ಮನೆಯವರು ಬಂದು, ಏನೂ ಮಾತನಾಡದೆ, ನನ್ನ ಕೋಣೆಯ ಬಾಗಿಲನ್ನು ಎಳೆದುಕೊಂಡು ಹೋದರು. ಅಷ್ಟು ಹೊತ್ತಿಗೆ ಅದನ್ನು ನಿಲ್ಲಿಸುವುದು ನನ್ನಿಂದಾಗಲಿಲ್ಲ.